ಮಕ್ಕಳನ್ನು ವಿಮಾನದ ಹತ್ತಿರ ನಿಲ್ಲಲು ಬಿಡಿ: ಶಾಲಾ ಪ್ರವಾಸ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಉಪನಿರ್ದೇಶಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಮತ್ತು ಎಸ್‌ಡಿಎಂಸಿ ಅಧ್ಯಕ್ಷರು, ಸದಸ್ಯರಿಗೆ,

ಗಂಗಾವತಿಯಿಂದ ಒಬ್ಬ ನಿವೃತ್ತ ವಾಯುಸೈನಿಕನ ನಮಸ್ಕಾರಗಳು.

ನಮ್ಮ ಭಾಗದ ಶಾಲೆಗಳು ಬೆಂಗಳೂರಿಗೆ ಪ್ರವಾಸ ಹೊರಟಾಗ ಈಗೀಗ ಎಚ್‌ಎಎಲ್ (ವಿಮಾನ ತಯಾರಿಸುವ ಸರ್ಕಾರಿ ಕಂಪನಿ) ವಿಮಾನ ಮ್ಯೂಸಿಯಂ ಹೆಸರನ್ನೂ ಪಟ್ಟಿಗೆ ಸೇರಿಸುತ್ತಿವೆ. ಬಹಳ ಒಳ್ಳೆಯದು. ಸೇರಿಸಿದವರಿಗೆ ಮೊದಲು ಧನ್ಯವಾದ. ಆದರೆ ಪಟ್ಟಿಯಲ್ಲಿ ಹೆಸರಿರೋದು ಬೇರೆ, ಮಕ್ಕಳು ಅಲ್ಲಿ ಏನಾದರೂ ನೋಡಿ ಬರೋದು ಬೇರೆ. ಕಳೆದ ಚಳಿಗಾಲದಲ್ಲಿ ನಮ್ಮ ತಾಲ್ಲೂಕಿನ ಒಂದು ಶಾಲೆಯವರು ನನ್ನನ್ನೂ ಜೊತೆಗೆ ಕರೆದರು. "ನೀವು ಏರ್‌ಫೋರ್ಸ್‌ನಾಗ ಇದ್ದವರು, ಹುಡುಗರಿಗೆ ನಾಕು ಮಾತು ಹೇಳ್ರಿ" ಅಂದರು. ಖುಷಿಯಿಂದ ಹೋದೆ. ಅಲ್ಲಿ ಕಣ್ಣಾರೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಹೇಳುವುದಿಲ್ಲ. ಅದು ಬೇರೆ ಶಾಲೆಗಳಿಗಿಂತ ಕೆಟ್ಟದ್ದೇನೂ ಅಲ್ಲ. ಪರಿಚಯದ ಬೇರೆ ಮೇಷ್ಟ್ರುಗಳನ್ನು ಕೇಳಿದರೆ, "ನಮ್ಮದೂ ಹಂಗೇ ಆತ್ರಿ" ಅಂತಲೇ ಹೇಳಿದರು.

ನನ್ನ ಬಗ್ಗೆ ಎರಡು ಮಾತು. ಪಿಯುಸಿ ಮುಗಿಸಿ ಏರ್‌ಮನ್ ಆಗಿ ಸೇರಿದವನು ನಾನು. ಬೆಳಗಾವಿಯ ಸಾಂಬ್ರಾದಲ್ಲಿ ಪರೇಡು ಮಾಡಿದೆ, ಚೆನ್ನೈ ಹತ್ತಿರದ ತಾಂಬರಂನಲ್ಲಿ ಕೆಲಸ ಕಲಿತೆ, ಆಮೇಲೆ ಉದ್ದಕ್ಕೂ ಎಂಜಿನ್ ಫಿಟರ್. ಸರ್ವೀಸಿನ ಜಾಸ್ತಿ ಕಾಲ ಮಿಗ್-21 ಯುದ್ಧವಿಮಾನದ ಹೊಟ್ಟೆ ಕೆಳಗೇ ಕಳೆಯಿತು. ವಿಮಾನ ಹಾರಿಸಿದವನಲ್ಲ, ಹಾರೋಕೆ ತಯಾರು ಮಾಡಿ ಕಳಿಸುತ್ತಿದ್ದವನು. ಊರಲ್ಲಿ ಮಾತ್ರ ಈಗಲೂ "ಪೈಲಟ್ ಸಾಹೇಬ್ರು" ಅಂತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ರಾತ್ರಿ ಊರು ಬಿಟ್ಟ ಬಸ್ಸು ಬೆಳಿಗ್ಗೆ ಬೆಂಗಳೂರು ಸೇರಿತು. ಛತ್ರದಲ್ಲಿ ಸ್ನಾನ, ಉಪ್ಪಿಟ್ಟು. ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಲಾಲ್‌ಬಾಗ್, ವಿಧಾನಸೌಧ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಎಚ್‌ಎಎಲ್, ಕೊನೆಗೆ ಒಂದು ಮಾಲ್. ಮರುದಿನ ಪೂರ್ತಿ ವಾಟರ್ ಪಾರ್ಕ್. ಬೆಂಗಳೂರಿನ ಟ್ರಾಫಿಕ್ ಗೊತ್ತಲ್ಲ, ಹಳೆ ಏರ್‌ಪೋರ್ಟ್ ರಸ್ತೆ ಮುಟ್ಟುವಷ್ಟರಲ್ಲಿ ಸಂಜೆ ಹತ್ತಿರವಾಗಿತ್ತು. ಮಕ್ಕಳಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಮಾಲ್‌ಗೆ ಎರಡು ಗಂಟೆ ಇಟ್ಟಿದ್ದರು, ಅದರಲ್ಲಿ ಒಂದು ನಿಮಿಷವೂ ಕಡಿಮೆಯಾಗಲಿಲ್ಲ.

ಆ ಮುಕ್ಕಾಲು ಗಂಟೆಯಲ್ಲೂ ಮೊದಲ ಕೆಲಸ ಬ್ಯಾನರ್. ಅಂಗಳದಲ್ಲಿ ನಿಂತಿರುವ ಮಾರುತ್ ವಿಮಾನದ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಬ್ಯಾನರು ಕೊಡಿಸಿದ ದಾನಿಗಳ ಹೆಸರು ಕಾಣುತ್ತಿಲ್ಲ ಅಂತ ಮೇಲೆತ್ತಿ ಹಿಡಿಸಿದರು. ಮೇಲೆತ್ತಿದರೆ ಹಿಂದಿನ ಸಾಲಿನ ಮುಖಗಳು ಮುಚ್ಚಿಹೋದವು. ಎತ್ತರದ ಪ್ರಕಾರ ಮತ್ತೆ ನಿಲ್ಲಿಸಿದರು. ಯಾರೋ ಕಣ್ಣು ಮುಚ್ಚಿದರು, ಇನ್ನೊಂದು ಫೋಟೋ. ಹೆಡ್‌ಮಾಸ್ಟರ ಮೊಬೈಲಿನಲ್ಲಿ ಒಂದು, ಪಿಟಿ ಮೇಷ್ಟ್ರ ಮೊಬೈಲಿನಲ್ಲಿ ಒಂದು. ಅಷ್ಟೂ ಹೊತ್ತು ಎಲ್ಲ ಮಕ್ಕಳ ಬೆನ್ನು ವಿಮಾನದ ಕಡೆಗೇ ಇತ್ತು. ಆಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಆ ಫೋಟೋ ನೋಡಿದೆ. ಬ್ಯಾನರಿನ ಮೇಲೆ ರೆಕ್ಕೆಯ ತುದಿ ಮಾತ್ರ ಕಾಣುತ್ತದೆ.

ಆ ಮಾರುತ್ ಯಾವುದು ಅಂತ ಅಲ್ಲಿದ್ದ ಒಬ್ಬ ಹುಡುಗನಿಗೂ ಯಾರೂ ಹೇಳಲಿಲ್ಲ. ಅದು ನಮ್ಮ ರಾಜ್ಯದಲ್ಲೇ, ಅದೇ ಎಚ್‌ಎಎಲ್‌ನಲ್ಲೇ ಹುಟ್ಟಿದ ಫೈಟರ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಹೆಸರಾಂತ ಯುದ್ಧವಿಮಾನಗಳನ್ನು ಮಾಡಿಕೊಟ್ಟ ಕುರ್ಟ್ ಟ್ಯಾಂಕ್ ಎಂಬ ಎಂಜಿನಿಯರ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳ ಜೊತೆ ಕೂತು ಅದರ ವಿನ್ಯಾಸ ಮಾಡಿದರು. 1961ರ ಜೂನ್‌ನಲ್ಲಿ ಟೆಸ್ಟ್ ಪೈಲಟ್ ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿದವು. ಆದರೆ ಒಂದು ಕೊರತೆ ಕೊನೆವರೆಗೂ ಉಳಿಯಿತು. ಶಬ್ದದ ವೇಗಕ್ಕಿಂತ ಜೋರಾಗಿ ಹೋಗಬೇಕು ಅಂತ ಅದರ ಮೈ ಕಟ್ಟಿದ್ದರು. ಅಷ್ಟು ಬಲದ ಎಂಜಿನ್ ಸಿಗಲೇ ಇಲ್ಲ. ಬ್ರಿಟನ್ನಿನವರು ಮಾಡಬೇಕಿದ್ದ ಎಂಜಿನ್ನನ್ನು ನಡುವೆ ಕೈಬಿಟ್ಟರು. ಬೇರೆ ಎಂಜಿನ್ ಹುಡುಕಿ ಸುತ್ತಿದರು, ಯಾವುದೂ ಕೂಡಿಬರಲಿಲ್ಲ. ಸಣ್ಣ ಓರ್ಫಿಯಸ್ ಎಂಜಿನ್ ಎರಡನ್ನು ಹಾಕಿಕೊಂಡೇ ಅದು ಆಯುಸ್ಸು ಕಳೆಯಿತು. 2001ರಲ್ಲಿ ಮೊದಲು ಹಾರಿದ ನಮ್ಮ ತೇಜಸ್ ಫೈಟರ್ ಕೂಡ ಅಮೆರಿಕದ ಎಂಜಿನ್ನಿನ ಮೇಲೆಯೇ ಹಾರುತ್ತಿದೆ. ವಿಮಾನ ಕಟ್ಟೋದು ಕಷ್ಟ, ಅದರ ಎಂಜಿನ್ ಕಟ್ಟೋದು ಅದಕ್ಕಿಂತ ಕಷ್ಟ. ಮಾರುತ್ ಮುಂದೆ ಮಕ್ಕಳನ್ನು ನಿಲ್ಲಿಸಿ ಹತ್ತು ನಿಮಿಷ ಇದನ್ನು ಹೇಳಿದ್ದರೆ ಯಾವ ಹುಡುಗನಿಗೆ ಏನು ಹೊಳೆಯುತ್ತಿತ್ತೋ.

ಸುರಂಜನ್ ದಾಸ್ 1970ರ ಜನವರಿಯಲ್ಲಿ ಅದೇ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿ ಅಪಘಾತವಾಗಿ ತೀರಿಕೊಂಡರು. ಮ್ಯೂಸಿಯಂಗೆ ಹೋಗುವ ದಾರಿಯಲ್ಲೇ ಸಿಗುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ನಮ್ಮ ಬಸ್ಸು ಆ ಬೋರ್ಡಿನ ಹತ್ತಿರವೇ ಸಿಗ್ನಲ್ಲಿನಲ್ಲಿ ನಿಂತಿತ್ತು. ಬಸ್ಸಿನೊಳಗೆ ಡಿಜೆ ಹಾಡು. ನಾನು ಎದ್ದು ನಿಂತು ಹೇಳೋಕೆ ಹೋದೆ. "ಆಮೇಲೆ ಸರ್, ಹುಡುಗ್ರು ಡ್ಯಾನ್ಸ್ ಮೂಡಿನಾಗ ಅದಾರ" ಅಂದರು. ಆಮೇಲೆ ಅನ್ನೋದು ಬರಲಿಲ್ಲ.

ಎಂಜಿನ್‌ಗಳ ಹಾಲ್‌ಗೆ ಹೋದಾಗ ನನ್ನ ಹಿಂದೆ ಬಂದದ್ದು ಒಂದು ಸಣ್ಣ ಗುಂಪು. ಅಲ್ಲಿ ಜೆಟ್ ಎಂಜಿನ್‌ಗಳನ್ನು ಉದ್ದಕ್ಕೆ ಸೀಳಿ, ಒಳಗಿನದೆಲ್ಲ ಕಾಣುವ ಹಾಗೆ ಇಟ್ಟಿದ್ದಾರೆ. ಸಾಲು ಸಾಲು ಬ್ಲೇಡುಗಳು. ಒಬ್ಬ ಹುಡುಗ ಬಗ್ಗಿ ನೋಡುತ್ತ ನಿಂತ. ಅವನ ಅಪ್ಪ ನಮ್ಮೂರಿನ ರೈಸ್ ಮಿಲ್ಲಿನಲ್ಲಿ ಆಪರೇಟರ್ ಅಂತ ಆಮೇಲೆ ಗೊತ್ತಾಯಿತು. "ಸರ್, ಇದು ಮಿಲ್ಲಿನ ಬ್ಲೋಯರ್ ಇದ್ದಂಗ ಐತಲ್ರಿ. ಆದ್ರ ಇಷ್ಟ್ಯಾಕ ಸಾಲು?" ಅಂದ.

ಎಂಥ ಪ್ರಶ್ನೆ ನೋಡಿ! ಎಂಜಿನ್ ಕಲಿಯುವ ಹುಡುಗರು ಮೊದಲು ಕೇಳಬೇಕಾದದ್ದೇ ಅದು. ಹೇಳಿದೆ: ಒಂದು ಸಾಲು ಬ್ಲೇಡು ಗಾಳಿಯನ್ನು ಸ್ವಲ್ಪ ಒತ್ತುತ್ತದೆ, ಮುಂದಿನ ಸಾಲು ಇನ್ನಷ್ಟು. ಹಿಂದೆ ಹೋದ ಹಾಗೆ ಜಾಗ ಕಿರಿದಾಗುತ್ತದೆ, ಬ್ಲೇಡೂ ಗಿಡ್ಡ ಆಗುತ್ತದೆ. ಹೀಗೆ ಒತ್ತಿ ಒತ್ತಿ ಇಟ್ಟ ಗಾಳಿಗೆ ಎಣ್ಣೆ ಚಿಮ್ಮಿಸಿ ಉರಿಸುತ್ತಾರೆ. ಬಿಸಿಯಾಗಿ ಹಿಗ್ಗಿದ ಗಾಳಿ ಹಿಂದಕ್ಕೆ ನುಗ್ಗುತ್ತದೆ, ವಿಮಾನ ಮುಂದಕ್ಕೆ ಹೋಗುತ್ತದೆ. ಹೋಗುವ ದಾರಿಯಲ್ಲಿ ಆ ಗಾಳಿ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ. ಅದು ಟರ್ಬೈನ್. ಮುಂದಿರುವ ಸಾಲುಗಳನ್ನೆಲ್ಲ ತಿರುಗಿಸೋದು ಅದೇ, ಎರಡಕ್ಕೂ ಒಂದೇ ಶಾಫ್ಟ್. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡಿತಿನಿಯಲ್ಲಿ ಕರೆಂಟು ಮಾಡುವುದೂ ಟರ್ಬೈನೇ. ಅಲ್ಲಿ ಹಬೆ ತಿರುಗಿಸುತ್ತದೆ, ಇಲ್ಲಿ ಉರಿದ ಗಾಳಿ. ಈಗಿನ ಫೈಟರ್ ಎಂಜಿನ್‌ಗಳಲ್ಲಿ ಟರ್ಬೈನಿಗೆ ಬಡಿಯುವ ಗಾಳಿಯ ಬಿಸಿ ಆ ಬ್ಲೇಡಿನ ಲೋಹ ಕರಗುವ ಬಿಸಿಗಿಂತ ಜಾಸ್ತಿ.

"ಮತ್ತ ಕರಗಂಗಿಲ್ಲೇನ್ರಿ?" ಅಂದ ಹುಡುಗ. ಬ್ಲೇಡಿನ ಒಳಗೆ ಕೂದಲೆಳೆಯಂಥ ದಾರಿ ಕೊರೆದು ತಂಪು ಗಾಳಿ ಹಾಯಿಸುತ್ತಾರೆ ಅಂತ ಹೇಳೋಕೆ ಬಾಯಿ ತೆರೆದೆ. ಹೊರಗೆ ಸೀಟಿ ಊದಿತು. "ಲಗೂ ಬರ್ರಲೇ, ಹೊತ್ತಾತು!" ಹುಡುಗ ಓಡಿದ. ಓಡುತ್ತಲೇ ಒಮ್ಮೆ ತಿರುಗಿ ನೋಡಿದ. ಮಾನ್ಯರೇ, ಈ ಪತ್ರ ಬರೆಯಲು ನನ್ನನ್ನು ಕೂರಿಸಿದ್ದು ಆ ಸೀಟಿಯೇ.

ಇನ್ನೊಂದು ಸಂಗತಿ ಇದಕ್ಕಿಂತ ಜಾಸ್ತಿ ಚುಚ್ಚಿತು. ವಿಮಾನ ನಡೆಸಿದ ಅನುಭವ ಕೊಡುವ ಸಿಮ್ಯುಲೇಟರ್ ಹತ್ತಿರ ಸಾಲು ಹಚ್ಚಿದಾಗ ಗಂಡು ಹುಡುಗರನ್ನು ಮುಂದೆ ಬಿಟ್ಟರು. ಹುಡುಗಿಯರ ಸರದಿ ಬರುವಷ್ಟರಲ್ಲಿ ಟೈಮ್ ಇಲ್ಲ ಅಂದರು. ಒಬ್ಬ ಹುಡುಗಿ, ಏಳನೇ ತರಗತಿ ಇರಬೇಕು, ಟಿಕೆಟಿನ ದುಡ್ಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. "ನೀವೇನ್ ವಿಮಾನ ಓಡಸೂರದೀರೇನು, ನಡೀರಿ" ಅಂತ ಒಬ್ಬರು ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಸುಮ್ನೆ ತಮಾಷೆಗೆ. ಆ ತಮಾಷೆಯೇ ನನಗೆ ಹಿಡಿಸಲಿಲ್ಲ. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಫೈಟರ್ ಪೈಲಟ್‌ಗಳಾಗಿ ಸೇರಿದರು. ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳು ಅವರು. ಹಾಕ್ ಜೆಟ್ ಮೇಲೆ ಮುಂದಿನ ತರಬೇತಿಗೆ ಅವರು ಬಂದದ್ದು ಎಲ್ಲಿಗೆ ಗೊತ್ತೇ? ಬೀದರಿಗೆ. ನಮ್ಮ ಕಲ್ಯಾಣ ಕರ್ನಾಟಕದ ಬೀದರಿಗೆ. 2018ರಲ್ಲಿ ಅವನಿ ಒಬ್ಬರೇ ಮಿಗ್-21 ಹಾರಿಸಿದರು. ಈಗ ಹುಡುಗಿಯರು ಅಗ್ನಿವೀರವಾಯು ಆಗಿ ಸಾಂಬ್ರಾದಲ್ಲೇ ಪರೇಡು ಮಾಡುತ್ತಿದ್ದಾರೆ. ಆ ಏಳನೇ ತರಗತಿ ಹುಡುಗಿಗೆ ಇದನ್ನು ಹೇಳಬೇಕಾದ ಜಾಗದಲ್ಲಿ ನಾವು ಹೇಳಿದ್ದು "ನಡೀರಿ" ಅಂತ.

ಶಿಕ್ಷಕರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಅವರ ಕಷ್ಟ ಆ ಬಸ್ಸಿನಲ್ಲೇ ನೋಡಿದ್ದೇನೆ. ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಬಸ್ಸಿನ ಬಾಡಿಗೆ, ಊಟದ ಲೆಕ್ಕ, ಎಲ್ಲ ಅವರ ತಲೆ ಮೇಲೆ. ಇಳಿದಾಗ ಒಮ್ಮೆ, ಹತ್ತಿದಾಗ ಒಮ್ಮೆ ತಲೆ ಎಣಿಸಬೇಕು. ವಾಂತಿ ಮಾಡಿಕೊಂಡ ಮಗುವನ್ನು ನೋಡಬೇಕು. ಜೊತೆಗಿದ್ದ ಮೇಡಂ ಒಬ್ಬರು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಪೋಷಕರೂ ಕಡಿಮೆ ಇಲ್ಲ. "ವಾಟರ್ ಪಾರ್ಕ್ ಇಲ್ಲಂದ್ರ ನಮ್ಮ ಹುಡುಗ ಬರಂಗಿಲ್ಲ" ಅಂತಾರೆ. ಹುಡುಗರು ಸಾಕಷ್ಟು ಮಂದಿ ಆಗದಿದ್ದರೆ ಬಸ್ಸಿನ ಖರ್ಚು ಹೊಂದುವುದಿಲ್ಲ. ಇದೆಲ್ಲ ಒಪ್ಪುತ್ತೇನೆ. ನೀರಾಟ ಬೇಡ ಅಂತಲೂ ಹೇಳುವುದಿಲ್ಲ, ಮಕ್ಕಳು ಆಡಲಿ. ಅದಕ್ಕೆ ಇಡೀ ದಿನ, ಇದಕ್ಕೆ ಮುಕ್ಕಾಲು ಗಂಟೆ ಅನ್ನೋ ಲೆಕ್ಕಕ್ಕೆ ಮಾತ್ರ ನನ್ನ ತಕರಾರು.

ಮೊಬೈಲಿನಲ್ಲೇ ಎಲ್ಲ ವಿಮಾನ ನೋಡಬಹುದಲ್ಲ ಅಂತ ಒಬ್ಬರು ನನ್ನ ಜೊತೆ ವಾದ ಮಾಡಿದರು. ನೋಡಬಹುದು. ಆದರೆ ಮೊಬೈಲಿನಲ್ಲಿ ಅಳತೆ ಗೊತ್ತಾಗುವುದಿಲ್ಲ. ಮಿಗ್-21ರ ರೆಕ್ಕೆ ಎಷ್ಟು ಪುಟ್ಟದು ಅಂತ ಅದರ ಪಕ್ಕ ನಿಂತಾಗಲೇ ತಿಳಿಯೋದು. ಇಷ್ಟೇ ರೆಕ್ಕೆ ಇದ್ದರೆ ನಿಧಾನವಾಗಿ ಇಳಿಯೋಕೆ ಆಗಲ್ಲ. ಅದಕ್ಕೇ ಅದು ರನ್‌ವೇ ಮುಟ್ಟುವಾಗ ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಜಾಸ್ತಿ ವೇಗ, ಅದಕ್ಕೇ ಹಿಂದೆ ಬಿಚ್ಚಿಕೊಳ್ಳುವ ಪ್ಯಾರಾಚೂಟು. ಮೂಗಿನಲ್ಲಿ ಒಂದು ಶಂಕು ಇದೆ. ಅದು ಅಂದಕ್ಕೆ ಇಟ್ಟದ್ದಲ್ಲ. ವೇಗ ಹೆಚ್ಚಾದ ಹಾಗೆ ಮುಂದೆ ಸರಿಯುತ್ತದೆ. ಶಬ್ದಕ್ಕಿಂತ ಜೋರಾಗಿ ನುಗ್ಗುವ ಗಾಳಿಯನ್ನು ಎಂಜಿನ್ ಹಾಗೇ ನುಂಗಲಾರದು. ಆ ಶಂಕು ಗಾಳಿಯ ವೇಗ ಇಳಿಸಿ ಒಳಗೆ ಬಿಡುತ್ತದೆ. ರೇಡಾರ್ ಕೂಡ ಅದರೊಳಗೇ. ಎಂಟನೇ ತರಗತಿಯ "ದಹನ ಮತ್ತು ಜ್ವಾಲೆ" ಪಾಠ, ಒಂಬತ್ತನೇ ತರಗತಿಯ ನ್ಯೂಟನ್ ನಿಯಮ, ಎಲ್ಲ ಆ ಒಂದು ವಿಮಾನದ ಸುತ್ತ ಒಂದು ಸುತ್ತು ಹಾಕಿದರೆ ಸಿಗುತ್ತವೆ.

ಬೋಲ್ಟುಗಳನ್ನು ನೋಡಿ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ವಿಮಾನದ ಎಂಜಿನ್ನಿನಲ್ಲಿ ಬೋಲ್ಟಿನ ತಲೆಗೆ ತೂತು ಕೊರೆದು, ಸಣ್ಣ ತಂತಿ ಪೋಣಿಸಿ, ಹುರಿ ಮಾಡಿ ಪಕ್ಕದ ಬೋಲ್ಟಿಗೆ ಕಟ್ಟಿರುತ್ತಾರೆ. ಲಾಕಿಂಗ್ ವೈರ್ ಅಂತ. ಒಂದು ಬೋಲ್ಟು ಸಡಿಲಾಗೋಕೆ ಹೋದರೆ ತಂತಿ ಇನ್ನೊಂದನ್ನು ಬಿಗಿ ಮಾಡುವ ದಿಕ್ಕಿಗೆ ಎಳೆಯಬೇಕು, ಹಾಗೆ ಕಟ್ಟಬೇಕು. ತಿರುವುಮುರುವು ಕಟ್ಟಿದರೆ ಬಿಚ್ಚಿ ಮತ್ತೆ ಕಟ್ಟು. ಬೆರಳ ತುದಿಯೆಲ್ಲ ತೂತು. ನಮ್ಮ ಟೂಲ್ ಬೋರ್ಡಿನಲ್ಲಿ ಒಂದೊಂದು ಸ್ಪ್ಯಾನರಿನ ಹಿಂದೆಯೂ ಅದರದೇ ಆಕಾರ ಬಣ್ಣದಲ್ಲಿ ಬರೆದಿರುತ್ತಿತ್ತು. ಸಂಜೆ ಒಂದು ಖಾಲಿ ಕಂಡರೆ ಆ ವಿಮಾನ ಹಾರುವಂತಿಲ್ಲ, ಸ್ಪ್ಯಾನರು ಸಿಗುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಬೆಳಿಗ್ಗೆ ವಿಮಾನ ಹೊರಡುವ ಮುಂಚೆ ಆಫೀಸರೂ ಏರ್‌ಮನ್ನೂ ಒಂದೇ ಸಾಲಿನಲ್ಲಿ ತಲೆ ತಗ್ಗಿಸಿ ನಡೆದು ಕಲ್ಲು, ಮೊಳೆ ಆರಿಸುತ್ತಿದ್ದೆವು. ಎಂಜಿನ್ ಎಳೆದುಕೊಂಡರೆ ಬೆರಳುಗಾತ್ರದ ಕಲ್ಲೂ ಬ್ಲೇಡು ಹಾಳು ಮಾಡುತ್ತದೆ. ಮ್ಯೂಸಿಯಂನಲ್ಲಿ ಮಕ್ಕಳು ಪೈಲಟ್ ಕೂರುವ ಜಾಗ ಮಾತ್ರ ನೋಡಿ ಬರುತ್ತಾರೆ. ಒಬ್ಬ ಪೈಲಟ್ ಹಾರಬೇಕಾದರೆ ಕೆಳಗೆ ಎಷ್ಟೋ ಫಿಟರುಗಳು, ಎಲೆಕ್ಟ್ರಿಷಿಯನ್‌ಗಳು ಬೇಕು. ಐಟಿಐ, ಡಿಪ್ಲೊಮಾಗೆ ಹೋಗುವ ನಮ್ಮ ಕಡೆಯ ಮಕ್ಕಳಿಗೆ ಆ ಕೆಲಸ ಕೈಗೆ ಎಟುಕುವಂಥದ್ದು.

ನಮ್ಮ ಕಡೆ ವಿಮಾನ ಹತ್ತಿರದಿಂದ ನೋಡೋಕೆ ಸಿಗೋದೇ ಅಪರೂಪ. ಗಿಣಿಗೇರಾದಲ್ಲಿ, ತೋರಣಗಲ್ಲಿನಲ್ಲಿ ಇರುವ ವಿಮಾನ ಇಳಿಯುವ ಜಾಗಗಳ ಬೇಲಿಯಾಚೆ ನಿಂತು ನೋಡಬೇಕು. ಇಲ್ಲಾಂದ್ರೆ ಚುನಾವಣೆ ಬರಬೇಕು. ಆಗ ಹೆಲಿಕಾಪ್ಟರ್ ಇಳಿಯುತ್ತದೆ, ಇಡೀ ಊರು ಹೈಸ್ಕೂಲ್ ಮೈದಾನದಲ್ಲಿ ಸೇರುತ್ತದೆ. ಭಾಷಣ ಶುರುವಾಗುವ ಹೊತ್ತಿಗೆ ಅರ್ಧ ಜನ ಇನ್ನೂ ಹೆಲಿಕಾಪ್ಟರ್ ಸುತ್ತಲೇ ಇರುತ್ತಾರೆ. ಇಷ್ಟು ಹಸಿವು ಇರುವ ಮಕ್ಕಳನ್ನು ಎಂಟು ತಾಸು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ವಿಮಾನಕ್ಕೆ ಬೆನ್ನು ತೋರಿಸಿ ನಿಲ್ಲಿಸಿದರೆ ಹೇಗೆ?

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಯುದ್ಧವಿಮಾನದ ಮುಂದೆ ಜೈಕಾರ ಹಾಕಿಸಿ ಕರೆತಂದರೆ ಸಾಕು ಅಂತ ಕೆಲವರಿಗೆ ಅನ್ನಿಸುತ್ತದೆ. ಜೈಕಾರ ಹಾಕಲಿ, ನಾನೂ ಹಾಕುತ್ತೇನೆ. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ಪುಟ್ಟ ನ್ಯಾಟ್ ವಿಮಾನದಲ್ಲಿ ಪಾಕಿಸ್ತಾನದ ಯುದ್ಧವಿಮಾನಗಳನ್ನು ಒಬ್ಬರೇ ಎದುರಿಸಿ ನಿಂತ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹೆಸರು ಮಕ್ಕಳಿಗೆ ಗೊತ್ತಿರಲಿ. ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ಅದರ ಜೊತೆ ಇದೂ ಗೊತ್ತಿರಲಿ: 1963ರಲ್ಲಿ ಬಂದ ಮಿಗ್-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿ ಆಗುವ ತನಕ ಬಹಳ ಪೈಲಟ್‌ಗಳನ್ನು ಬಲಿ ತೆಗೆದುಕೊಂಡಿತು, ಶತ್ರು ಹೊಡೆದು ಅಲ್ಲ, ಅಪಘಾತಗಳಲ್ಲಿ. ಬೆಳಿಗ್ಗೆ ನಾವು ಏಣಿ ಹಿಡಿದು ಹತ್ತಿಸಿ ಕಳಿಸಿದ ಹುಡುಗ ಮಧ್ಯಾಹ್ನ ಬರದೇ ಇದ್ದರೆ ಹ್ಯಾಂಗರಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಇಷ್ಟನ್ನೂ ಹೇಳದೆ ವಿಮಾನ ತೋರಿಸಿದರೆ ಮಕ್ಕಳಿಗೆ ಅದು ವಿಡಿಯೋ ಗೇಮೇ ಆಗುತ್ತದೆ.

ಈಗ ನನ್ನ ಕೋರಿಕೆಗಳು. ಮುಖ್ಯವಾದದ್ದು ಸಮಯ. ಮ್ಯೂಸಿಯಂ ಕಾರ್ಯಕ್ರಮದಲ್ಲಿ ಇದ್ದರೆ ಅದಕ್ಕೆ ಅರ್ಧ ದಿನ ಕೊಡಿ, ಅದೂ ಬೆಳಗಿನ ಹೊತ್ತು, ಮಕ್ಕಳು ದಣಿಯುವ ಮುಂಚೆ. ಅದಕ್ಕಾಗಿ ಒಂದು ಜಾಗ ಬಿಡಬೇಕಾದರೆ ಬಿಡಿ. ಮಾಲ್ ಬಿಟ್ಟರೆ ಯಾರಿಗೂ ನಷ್ಟ ಇಲ್ಲ. ಎಸ್ಕಲೇಟರ್ ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಇವತ್ತಲ್ಲ ನಾಳೆ ಹತ್ತಿಯಾರು. ಉಪನಿರ್ದೇಶಕರಲ್ಲಿ ವಿನಂತಿ: ಪ್ರವಾಸಕ್ಕೆ ಅನುಮತಿ ಕೊಡುವಾಗ ಬಸ್ಸಿನ ಕಾಗದ ನೋಡುವ ಹಾಗೆ ವೇಳಾಪಟ್ಟಿಯನ್ನೂ ನೋಡಿ. ಒಂದು ದಿನಕ್ಕೆ ಐದಾರು ಜಾಗ ಬರೆದಿದ್ದರೆ ವಾಪಸ್ ಕಳಿಸಿ.

ಎರಡನೆಯದು, ಹೊರಡುವ ಮುಂಚೆ ಒಂದು ತರಗತಿ. ವಿಜ್ಞಾನದ ಮೇಷ್ಟ್ರು ನಾಲ್ಕೈದು ವಿಮಾನಗಳ ಚಿತ್ರ ಬೋರ್ಡಿಗೆ ಹಾಕಿ, ಇದು ಯಾವುದು, ಯಾರು ಮಾಡಿದರು, ಯಾಕೆ ಹೀಗಿದೆ ಅಂತ ಒಂದು ತಾಸು ಮಾತಾಡಲಿ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಇದೇ ಎಚ್‌ಎಎಲ್ ವಿಮಾನ ಕಾರ್ಖಾನೆ ಶುರು ಮಾಡಿದ ಕಥೆ ಹೇಳಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಲಿಬರೇಟರ್ ಬಾಂಬರುಗಳ ಕಥೆ ಅದಕ್ಕಿಂತ ಚೆನ್ನ. ಮತ್ತೆ ಯಾರೂ ಹಾರಿಸಬಾರದು ಅಂತ ಬೇಕೆಂದೇ ಹಾಳು ಮಾಡಿಟ್ಟಿದ್ದ ವಿಮಾನಗಳವು. ಎಚ್‌ಎಎಲ್‌ನವರು ಅವನ್ನು ಹೇಗೋ ಹಾರುವಷ್ಟು ರಿಪೇರಿ ಮಾಡಿ, ಅಲ್ಲಿಂದ ಬೆಂಗಳೂರಿಗೆ ಹಾರಿಸಿಕೊಂಡೇ ಬಂದು ಪೂರ್ತಿ ಸರಿ ಮಾಡಿದರು. ನಮ್ಮ ವಾಯುಪಡೆ ಅವನ್ನು 1968ರ ತನಕ ಹಾರಿಸಿತು. ಹಾಗೆ ಬದುಕಿದ ಒಂದು ಲಿಬರೇಟರನ್ನು ದೆಹಲಿಯ ಪಾಲಂ ಮ್ಯೂಸಿಯಂನಲ್ಲಿ ನಾನು ಮುಟ್ಟಿ ನೋಡಿದ್ದೇನೆ. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿರುವ ಲಿಬರೇಟರ್ ಕೂಡ ನಮ್ಮ ವಾಯುಪಡೆ ಕೊಟ್ಟದ್ದೇ. ಇದನ್ನು ಕೇಳಿಕೊಂಡು ಹೋದ ಮಗು ಮ್ಯೂಸಿಯಂನಲ್ಲಿ ಸುಮ್ನೆ ಓಡಾಡುವುದಿಲ್ಲ, ಹುಡುಕುತ್ತದೆ.

ನಮ್ಮಂಥವರನ್ನು ಬಳಸಿಕೊಳ್ಳಿ. ಮೂರೂ ಜಿಲ್ಲೆಗಳಲ್ಲಿ ವಾಯುಪಡೆಯಿಂದ ನಿವೃತ್ತರಾದವರು ಇದ್ದಾರೆ. ಸೈನಿಕ ಕಲ್ಯಾಣ ಇಲಾಖೆಯನ್ನು ಕೇಳಿದರೆ ಮಾಜಿ ಸೈನಿಕರ ಮಾಹಿತಿ ಸಿಗುತ್ತದೆ. ಆಗಸ್ಟ್ 15ಕ್ಕೆ ಶಾಲು ಹೊದಿಸಿ ಕೂರಿಸುವ ಬದಲು ಒಂದು ದಿನ ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಶಾಲು ಮನೆಯಲ್ಲಿ ಬೇಕಾದಷ್ಟಿವೆ.

ಸಿಮ್ಯುಲೇಟರ್ ಇರಲಿ, ಕಾಕ್‌ಪಿಟ್ ಇರಲಿ, ಹುಡುಗಿಯರ ಸಾಲು ಮೊದಲು ಹೋಗಲಿ. ಯಾಕೆ ಮೊದಲು ಅಂತ ಕೇಳಿದರೆ, ಇಷ್ಟು ದಿನ ಕೊನೆಗೆ ಹೋದದ್ದಕ್ಕೆ.

ಕಾರವಾರ, ಗೋವಾ ಕಡೆ ಹೋಗುವ ಶಾಲೆಗಳಿಗೂ ಒಂದು ಮಾತು. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಯುದ್ಧನೌಕೆ ಮ್ಯೂಸಿಯಂ ಜೊತೆಗೆ ಈಗ ನೌಕಾಪಡೆಯ ಟುಪೊಲೆವ್-142 ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. 1988ರಿಂದ 2017ರ ತನಕ ಸಮುದ್ರದ ಮೇಲೆ ಕಾವಲು ತಿರುಗಿದ ವಿಮಾನದ ಜಾತಿ ಅದು. ಗೋವಾದ ಬೋಗ್ಮಾಲೊದಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. ನಿಂತಲ್ಲೇ ಇಳಿಯಬಲ್ಲ ಸೀ ಹ್ಯಾರಿಯರ್ ಅಲ್ಲಿದೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ಹಾಯ್ದು ಹೋಗುವ ವಾಸ್ಕೋ ರೈಲು ಹತ್ತಿದರೆ ಅದರ ಹತ್ತಿರವೇ ಇಳಿಸುತ್ತದೆ. ಬೀಚು ನೋಡಿ ವಾಪಸ್ ಬರಬೇಡಿ.

ಇನ್ನು ದುಡ್ಡು ಕಟ್ಟಲಾಗದೆ ಪ್ರವಾಸಕ್ಕೆ ಬಾರದ ಮಕ್ಕಳು. ಪ್ರತಿ ತರಗತಿಯಲ್ಲೂ ಅವರೇ ಜಾಸ್ತಿ. ನಮ್ಮ ಬಸ್ಸು ಹೊರಟಾಗ ಗೇಟಿನ ಹತ್ತಿರ ಟಾಟಾ ಮಾಡುತ್ತ ನಿಂತವರೂ ಅವರೇ. ಬ್ಯಾನರಿಗೆ ದಾನಿ ಸಿಗುತ್ತಾರೆ ಅಂದರೆ ಈ ಮಕ್ಕಳಲ್ಲಿ ಕೆಲವರ ಟಿಕೆಟಿಗೂ ಸಿಗಬೇಕು ಅಲ್ವಾ? ಎಸ್‌ಡಿಎಂಸಿಯವರು ದಯವಿಟ್ಟು ಇದನ್ನು ಸಭೆಯಲ್ಲಿ ಇಡಿ.

ಮಿಗ್-21 ನಿವೃತ್ತಿ ಆದ ಮೇಲೆ "ನಮ್ಮೂರಿಗೂ ಒಂದು ತರಿಸೋಣ, ಸರ್ಕಲ್‌ನಾಗ ನಿಲ್ಲಸೋಣ" ಅನ್ನೋ ಮಾತು ಚಹಾದಂಗಡಿಯಲ್ಲಿ ಕೇಳುತ್ತಿದ್ದೇನೆ. ಅದು ಮುಂದೆ ಹೋದರೆ ಜಿಲ್ಲಾಡಳಿತಕ್ಕೆ ಈಗಲೇ ಒಂದು ಅರಿಕೆ. ಕಂಬದ ಮೇಲೆ ಏರಿಸಿ ಸರ್ಕಲ್‌ನಲ್ಲಿ ನಿಲ್ಲಿಸಬೇಡಿ. ನಮ್ಮ ಬಿಸಿಲಿಗೆ ಕಾಕ್‌ಪಿಟ್ಟಿನ ಗಾಜು ಹಳದಿಯಾಗುತ್ತದೆ, ಟೈರು ಬಿರಿಯುತ್ತದೆ, ರೆಕ್ಕೆಯ ಮೇಲೆ ಪಾರಿವಾಳ, ಕೆಳಗೆ ಹುಟ್ಟುಹಬ್ಬದ ಫ್ಲೆಕ್ಸು. ತರುವುದಾದರೆ ಒಂದು ಶೆಡ್ಡಿನ ನೆರಳಿನಲ್ಲಿ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಹೊರಗೆ ತೆಗೆದು ಪಕ್ಕದಲ್ಲಿಡಿ, ಹೇಳಿಕೊಡೋಕೆ ಒಬ್ಬರನ್ನು ಕೂರಿಸಿ. ಬೆಂಗಳೂರಿಗೆ ಬರಲಾಗದ ಮಕ್ಕಳು ಸೈಕಲ್ ಹೊಡೆದುಕೊಂಡು ಬಂದು ನೋಡುತ್ತಾರೆ.

ಡಿಸೆಂಬರ್, ಜನವರಿಯ ಪ್ರವಾಸಗಳ ಪಟ್ಟಿ ದಸರಾ ರಜೆ ಮುಗಿದ ಕೂಡಲೇ ತಯಾರಾಗುತ್ತದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಗಂಗಾವತಿ, ಕಾರಟಗಿ, ಸಿಂಧನೂರು, ಕಂಪ್ಲಿ ಸುತ್ತಿನ ಯಾವ ಶಾಲೆ ಕರೆದರೂ ಹೊರಡುವ ಮುಂಚಿನ ತರಗತಿಗೆ ಬರುತ್ತೇನೆ, ಬೇಕಾದರೆ ಬಸ್ಸಿಗೂ ಬರುತ್ತೇನೆ. ಗೌರವಧನ ಬೇಡ. ಊಟ ಮಕ್ಕಳ ಜೊತೆಗೇ ಆಗುತ್ತದೆ. ಮ್ಯೂಸಿಯಂ ಒಳಗೆ ಹೋದ ಮೇಲೆ ಮೂರು ತಾಸು ಯಾರೂ ಸೀಟಿ ಊದಬಾರದು ಅನ್ನೋದೊಂದೇ ನನ್ನ ಷರತ್ತು.

ತಮ್ಮ ವಿಶ್ವಾಸಿ,
ನಿವೃತ್ತ ಎಂಜಿನ್ ಫಿಟರ್, ಭಾರತೀಯ ವಾಯುಪಡೆ
ಗಂಗಾವತಿ, ಕೊಪ್ಪಳ ಜಿಲ್ಲೆ